ಲಯಕ್ಕೂ ಒಂದು ವಿಮರ್ಶೆ ಬೇಡವೇ?

ಪರಿಸರ ವಿಜ್ಞಾನ ಓದಲೆಂದು 17ನೇ ವಯಸ್ಸಿನಲ್ಲಿ ಪುಣೆಗೆ ಬಂದ ಹುಡುಗನೊಬ್ಬ ಪಠ್ಯಪುಸ್ತಕಕ್ಕಿಂತ ಹೆಚ್ಚು ಹೊತ್ತು ತಬಲಾದ ಮುಂದೆ ಕೂತ. ಹುಟ್ಟಿದ್ದು ಅಮೆರಿಕದಲ್ಲಿ, ಬೆಳೆದದ್ದು ಅಹಮದಾಬಾದ್ ಮತ್ತು ಚೆನ್ನೈಯಲ್ಲಿ, ತಬಲಾದ ಮೇಲೆ ಕೈಯಿಟ್ಟದ್ದು 10ನೇ ವಯಸ್ಸಿಗೆ. ಪುಣೆಯಲ್ಲಿ ರಾಜೀವ್ ದೇವಸ್ಥಳಿ ಅವರಲ್ಲಿ ಪಾಠವಾಯಿತು. ಅಲ್ಲಿ ಕಲಿತದ್ದನ್ನು ಪಾಶ್ಚಾತ್ಯ ಡ್ರಮ್‌ಸೆಟ್ಟಿನ ಮೇಲೆ ನುಡಿಸುವ ಹಟವೂ ಹುಟ್ಟಿತು. ಮುಂದೆ ಲಂಡನ್ನಿಗೆ ಹೋಗಿ ಸಂಜು ಸಹಾಯ್ ಅವರ ಶಿಷ್ಯನಾಗಿ, ಸೋಯಾಸ್ ಸಂಸ್ಥೆಯಲ್ಲಿ ಸ್ನಾತಕೋತ್ತರ ಪದವಿ ಪಡೆದದ್ದೂ ಇದೇ ವಿಷಯದಲ್ಲಿ: ಭಾರತೀಯ ಶಾಸ್ತ್ರೀಯ ಲಯವನ್ನು ಹೊರಗಿನ ತಾಳವಾದ್ಯಗಳಿಗೆ ಒಗ್ಗಿಸುವುದು ಹೇಗೆ?

ಆ ಹುಡುಗ ಸಾರಥಿ ಕೊರ್ವಾರ್. 2019ರ ಜುಲೈ 26ರಂದು ಅವರ ‘ಮೋರ್ ಅರೈವಿಂಗ್’ ಆಲ್ಬಂ ಹೊರಬಂತು. ಜಾಝ್ ವಾದ್ಯಗಾರರ ತಂಡ, ತಬಲಾ ಮತ್ತು ಡ್ರಮ್ಸ್, ಅವುಗಳ ಮೇಲೆ ಮುಂಬೈ ಹಾಗೂ ದೆಹಲಿಯ ರ‍್ಯಾಪ್ ಗಾಯಕರ ದನಿ. ಒಟ್ಟು ಏಳು ರಚನೆಗಳು. ಮರುವರ್ಷ ಬ್ರಿಟನ್ನಿನ ಎಐಎಂ ಸ್ವತಂತ್ರ ಸಂಗೀತ ಪ್ರಶಸ್ತಿಗಳಲ್ಲಿ ಅದಕ್ಕೆ ಅತ್ಯುತ್ತಮ ಆಲ್ಬಂ ಗೌರವ ಸಿಕ್ಕಿತು. ಕೃತಿಗೆ ಮನ್ನಣೆ ಸಾಲಲಿಲ್ಲ ಎಂದು ಯಾರೂ ದೂರುವಂತಿಲ್ಲ. ದೂರು ಇರುವುದು ಬೇರೆ ಕಡೆ. ಆ ಆಲ್ಬಂ ಬಗ್ಗೆ ಹರಿದ ಮಾತಿನಲ್ಲಿ ಹೆಚ್ಚಿನ ಪಾಲು ಅದು ಏನು ಹೇಳುತ್ತದೆ ಎಂಬುದಕ್ಕೆ ಹೋಯಿತು. ಅದು ಹೇಗೆ ನುಡಿಯುತ್ತದೆ ಎಂಬುದಕ್ಕೆ ಸಿಕ್ಕದ್ದು ಒಂದೆರಡು ವಿಶೇಷಣ.

ಇದಕ್ಕೆ ಕಾಲವೂ ಕಾರಣವಾಯಿತು. ಯುರೋಪಿನ ಒಕ್ಕೂಟ ಬಿಡಬೇಕೆಂದು ಬ್ರಿಟನ್ ಮತ ಹಾಕಿದ್ದು 2016ರ ಜೂನ್‌ನಲ್ಲಿ. ಆ ಜಗಳದ ನಡುವೆಯೇ ಬೋರಿಸ್ ಜಾನ್ಸನ್ ಪ್ರಧಾನಿಯಾದರು. ಅದು 2019ರ ಜುಲೈ 24, ಆಲ್ಬಂ ಬಿಡುಗಡೆಗೆ ಸರಿಯಾಗಿ ಎರಡು ದಿನ ಮೊದಲು. ‘ಇನ್ನೂ ಬರುತ್ತಿದ್ದಾರೆ’ ಎಂಬ ಶೀರ್ಷಿಕೆ ವಲಸಿಗರ ಹೆಸರು ಹೇಳಿ ಜನರನ್ನು ಹೆದರಿಸುವ ರಾಜಕಾರಣಕ್ಕೆ ಕೊರ್ವಾರ್ ಕೊಟ್ಟ ನೇರ ಉತ್ತರ. ಲಂಡನ್ನಿನ ಕವಿ ಜಿಯಾ ಅಹ್ಮದ್, ಬಿಳಿಯರ ಸಮಾಜ ಕಂದುಬಣ್ಣದವರನ್ನು ನೋಡುವ ಬಗೆಯನ್ನು ‘ಬೋಲ್’ ರಚನೆಯಲ್ಲಿ ಚುಚ್ಚಿ ಹೇಳುತ್ತಾರೆ. ಕೊನೆಯ ರಚನೆ ‘ಪ್ರವಾಸೀಸ್’ನಲ್ಲಿ ಅಬುಧಾಬಿಯ ಲೇಖಕ ದೀಪಕ್ ಉಣ್ಣಿಕೃಷ್ಣನ್ ಕೊಲ್ಲಿ ನಾಡಿನಲ್ಲಿ ದುಡಿಯುವ ವಲಸಿಗರ ಲೋಕವನ್ನು ತರುತ್ತಾರೆ. ಹೀಗಿರುವಾಗ ಅಲ್ಲಿನ ವಿಮರ್ಶಕರು ರಾಜಕೀಯ ಬರೆದದ್ದು ತಪ್ಪಲ್ಲ. ಅಲ್ಲಿಗೇ ನಿಂತದ್ದು ತಪ್ಪು.

ನಮ್ಮಲ್ಲಿ ಆದದ್ದು ಇನ್ನೊಂದು ಬಗೆ. ಅದೇ ವರ್ಷ ಫೆಬ್ರುವರಿ 14ರಂದು ‘ಗಲ್ಲಿ ಬಾಯ್’ ಸಿನಿಮಾ ತೆರೆಗೆ ಬಂದಿತ್ತು. ಕೊಳೆಗೇರಿಯಿಂದ ಎದ್ದ ಹುಡುಗ, ಕೈಯಲ್ಲಿ ಮೈಕು, ಎದೆಯಲ್ಲಿ ಸಿಟ್ಟು: ರ‍್ಯಾಪ್ ಎಂದರೆ ಇಷ್ಟೇ ಎಂಬ ಚಿತ್ರ ಮನೆಮನೆಗೂ ತಲುಪಿತ್ತು. ಅದಾದ ಮೇಲೆ ಭಾರತದ ಯಾವ ಹಿಪ್‌ಹಾಪ್ ಕೃತಿ ಬಂದರೂ ಮೊದಲ ಪ್ರಶ್ನೆ ಹಾಡುಗಾರ ಯಾವ ಗಲ್ಲಿಯವನು ಎಂಬುದೇ. ಪುಣೆಯ ತಾಡಿವಾಲಾ ರಸ್ತೆಯ ಎಂ.ಸಿ. ಸ್ಟ್ಯಾನ್ ತನ್ನ ಹಾಡುಗಳ ಬೀಟನ್ನೂ ತಾನೇ ಕಟ್ಟುವ ಹುಡುಗ. 2020ರ ‘ತಡೀಪಾರ್’ ಆಲ್ಬಮ್ಮಿನಿಂದ ಯುವಕರ ಬಾಯಲ್ಲಿ ಓಡಾಡಿದ ಹೆಸರು. ಆದರೆ ದೊಡ್ಡವರ ಮನೆಯ ಮಾತಿಗೆ ಆ ಹೆಸರು ಬಂದದ್ದು 2023ರ ಫೆಬ್ರುವರಿಯಲ್ಲಿ, ಹಿಂದಿ ಬಿಗ್ ಬಾಸ್ ಗೆದ್ದಾಗ. ಕರ್ನಾಟಕದಲ್ಲಿ ರ‍್ಯಾಪ್ ಗಾಯಕ ಚಂದನ್ ಶೆಟ್ಟಿ 2018ರಲ್ಲಿ ಕನ್ನಡ ಬಿಗ್ ಬಾಸ್ ಗೆದ್ದಾಗಲೂ ಹೀಗೆಯೇ. ಇಬ್ಬರ ಜೀವನ, ಉಡುಪು, ಜಗಳ, ಪ್ರೀತಿ ಎಲ್ಲವೂ ಸುದ್ದಿಯಾದವು. ಅವರ ಬೀಟು ಮಾತ್ರ ಸುದ್ದಿಯಾಗಲಿಲ್ಲ.

ಹಿಪ್‌ಹಾಪ್‌ನಲ್ಲಿ ಬೀಟು ಎಂದರೆ ಹಿಂದೆ ಬಡಿಯುವ ತಾಳ ಮಾತ್ರವಲ್ಲ. ಹಳೆಯ ಧ್ವನಿಮುದ್ರಿಕೆಯ ತುಣುಕು, ಡ್ರಮ್ಸ್, ಬಾಸ್, ಮೌನ ಇವೆಲ್ಲ ಸೇರಿದ ಪೂರ್ಣ ರಚನೆ ಅದು. ಮಾತೇ ಇಲ್ಲದೆ ಬೀಟೊಂದೇ ನಿಲ್ಲಬಲ್ಲದು ಎಂದು ತೋರಿಸಿದ ಆಲ್ಬಮ್ಮುಗಳಿವೆ. 2003ರಲ್ಲಿ ಅಮೆರಿಕದ ಬ್ಲೂ ನೋಟ್ ಕಂಪನಿ ತನ್ನ ಜಾಝ್ ಭಂಡಾರವನ್ನು ಬೀಟುಗಾರ ಮ್ಯಾಡ್‌ಲಿಬ್‌ಗೆ ತೆರೆದುಕೊಟ್ಟಿತು; ಅದರಿಂದ ಬಂದದ್ದು ‘ಶೇಡ್ಸ್ ಆಫ್ ಬ್ಲೂ’. ಅದೇ ಮ್ಯಾಡ್‌ಲಿಬ್ 2007ರಲ್ಲಿ ಭಾರತದ ಸಿನಿಮಾ ಸಂಗೀತದ ತುಣುಕುಗಳನ್ನು ಕತ್ತರಿಸಿ ಜೋಡಿಸಿ ‘ಬೀಟ್ ಕಂಡಕ್ಟಾ ಇನ್ ಇಂಡಿಯಾ’ ಕಟ್ಟಿದ.

ಇಲ್ಲೊಂದು ದೊಡ್ಡ ಸುತ್ತು ಇದೆ. ಮುಂಬೈ ಚಿತ್ರರಂಗದ ವಾದ್ಯವೃಂದಗಳಲ್ಲಿ ನುಡಿಸಿದ, ಸ್ವರ ಬರೆದುಕೊಟ್ಟವರಲ್ಲಿ ಗೋವಾದ ಸಂಗೀತಗಾರರು ಬಹಳ ಮಂದಿ. ಚಿಕ್ ಚಾಕೊಲೇಟ್, ಸೆಬಾಸ್ಟಿಯನ್ ಡಿಸೋಜ, ಆಂಥನಿ ಗೊನ್ಸಾಲ್ವಿಸ್ ಅವರ ಹೆಸರುಗಳನ್ನು ಇಂದು ಕೆಲವರಾದರೂ ನೆನೆಯುತ್ತಾರೆ. ಅವರಲ್ಲಿ ಹಲವರು ರಾತ್ರಿ ಹೋಟೆಲುಗಳಲ್ಲಿ ಜಾಝ್ ನುಡಿಸಿ, ಹಗಲು ಸ್ಟುಡಿಯೊಗಳಿಗೆ ಬರುತ್ತಿದ್ದವರು. ನರೇಶ್ ಫರ್ನಾಂಡಿಸ್ ‘ತಾಜ್ ಮಹಲ್ ಫಾಕ್ಸ್‌ಟ್ರಾಟ್’ ಪುಸ್ತಕದಲ್ಲಿ ಈ ಕಥೆಯನ್ನು ಪ್ರೀತಿಯಿಂದ ಬರೆದಿದ್ದಾರೆ. ಅಮೆರಿಕದ ಕಪ್ಪು ಜನರ ಜಾಝ್ ಮುಂಬೈಗೆ ಬಂತು, ಹಿಂದಿ ಹಾಡಿನೊಳಗೆ ಸೇರಿತು, ಅರ್ಧ ಶತಮಾನದ ಮೇಲೆ ಕಪ್ಪು ಬೀಟುಗಾರನೊಬ್ಬನ ಯಂತ್ರದ ಮೂಲಕ ಮತ್ತೆ ಅಮೆರಿಕಕ್ಕೆ ಹೋಯಿತು. ಕೊರ್ವಾರ್ ಅವರ ಕೆಲಸವನ್ನು ‘ಬೆಸುಗೆ’ ಎಂಬ ಒಂದೇ ಪದದಲ್ಲಿ ಮುಗಿಸುವವರು ಈ ಕೊಡುಕೊಳ್ಳುವಿಕೆಯ ವಯಸ್ಸನ್ನು ಮರೆಯುತ್ತಾರೆ.

ಜೆ ಡಿಲ್ಲಾನ ‘ಡೋನಟ್ಸ್’ ಕಥೆ ವಿಮರ್ಶಕರಿಗೆ ಎಚ್ಚರಿಕೆಯಂತಿದೆ. ಡೆಟ್ರಾಯ್ಟ್‌ನ ಈ ಬೀಟುಗಾರ ತನ್ನ 32ನೇ ಹುಟ್ಟುಹಬ್ಬದ ದಿನ, 2006ರ ಫೆಬ್ರುವರಿ 7ರಂದು, 31 ಚಿಕ್ಕ ರಚನೆಗಳ ಆ ಆಲ್ಬಂ ಹೊರತಂದ. ಮೂರೇ ದಿನಕ್ಕೆ ತೀರಿಕೊಂಡ. ಅಲ್ಲಿಂದ ಮುಂದೆ ‘ಡೋನಟ್ಸ್’ ಬಗ್ಗೆ ಬರೆದವರೆಲ್ಲ ಆಸ್ಪತ್ರೆಯ ಹಾಸಿಗೆಯಿಂದಲೇ ಶುರುಮಾಡಿದರು. ಸಾವಿನ ಕಥೆ ಎಷ್ಟು ದೊಡ್ಡದಾಯಿತೆಂದರೆ ಅವನ ಕೈ ಮಾಡಿದ ಕೆಲಸ ಅದರ ನೆರಳಿಗೆ ಸರಿಯಿತು. ಆ ಕೈಯ ಲೆಕ್ಕವನ್ನು ಬಿಡಿಬಿಡಿಯಾಗಿ ವಿವರಿಸುವ ಡ್ಯಾನ್ ಚಾರ್ನಸ್ ಅವರ ‘ಡಿಲ್ಲಾ ಟೈಮ್’ ಪುಸ್ತಕ ಬಂದದ್ದು 2022ರಲ್ಲಿ, 16 ವರ್ಷದ ಮೇಲೆ. ನೇರ ನಡೆಯನ್ನೂ ತೂಗುವ ನಡೆಯನ್ನೂ ಒಂದರ ಮೇಲೊಂದು ಹಾಕಿ, ಎರಡರ ತಿಕ್ಕಾಟದಿಂದ ಮೂರನೆಯದೊಂದು ಕಾಲವನ್ನು ಡಿಲ್ಲಾ ಹುಟ್ಟಿಸಿದ ಎನ್ನುವುದು ಚಾರ್ನಸ್ ಅವರ ವಾದ.

ಈ ವಾದ ಕೇಳಿದ ಕೂಡಲೇ ಕನ್ನಡದ ಸಂಗೀತ ರಸಿಕರಿಗೆ ಹಳೆಯ ಪರಿಚಯವೊಂದು ಎದುರಾದಂತೆ ಅನಿಸಬೇಕು. ಚತುರಶ್ರ ನಡೆಯಲ್ಲಿ ತಾಳ ಹಾಕುತ್ತಿರುವಾಗ ಮೃದಂಗದವರು ತಿಶ್ರಕ್ಕೆ ತಿರುಗಿದರೆ ಸಭೆ ನೆಟ್ಟಗೆ ಕೂರುತ್ತದೆ. ತಾಳದ ಎತ್ತುಗಡೆಗೆ ಮುಂಚೆಯೋ ಆಮೇಲೋ ಹಾಡನ್ನು ಹಿಡಿಯುವುದಕ್ಕೆ ಅತೀತ, ಅನಾಗತ ಎಂಬ ಹೆಸರುಗಳೇ ನಮ್ಮಲ್ಲಿವೆ. ಹಿಪ್‌ಹಾಪ್ ಬೀಟುಗಾರ ಮಾಡುವುದು ಇದನ್ನೇ ಎಂದಲ್ಲ. ಅವನ ಹಿಂದೆಮುಂದೆ ಇನ್ನೂ ಸಣ್ಣ ಅಳತೆಯದು, ಅಕ್ಷರಕಾಲದ ಒಂದು ಎಳೆಯಷ್ಟು. ಆದರೆ ಆ ಸಣ್ಣ ಅಳತೆಯ ಬಗ್ಗೆ ಮಾತಾಡಲು ಬೇಕಾದ ಕಿವಿ, ಬೆರಳು, ಪದ ಮೂರೂ ನಮ್ಮ ಹತ್ತಿರ ಸಿದ್ಧವಾಗಿವೆ. ನ್ಯೂಯಾರ್ಕಿನ ವಿಮರ್ಶಕ ಪುಟಗಟ್ಟಲೆ ವಿವರಿಸಬೇಕಾದದ್ದನ್ನು ಧಾರವಾಡದ ಅಥವಾ ಮೈಸೂರಿನ ಓದುಗರಿಗೆ ಒಂದು ಸಾಲಿನಲ್ಲಿ ಹೇಳಬಹುದು.

ಆ ಕಿವಿ ಪುಣೆಯಲ್ಲೂ ಇದೆ. ಅದನ್ನು ಅಲ್ಲಿ ಬೆಳೆಸಿದವರಲ್ಲಿ ಕನ್ನಡಿಗರೂ ಇದ್ದಾರೆ. ಕುಂದಗೋಳದ ಸವಾಯಿ ಗಂಧರ್ವರು 1952ರಲ್ಲಿ ತೀರಿಕೊಂಡರು. ಮರುವರ್ಷ ಅವರ ನೆನಪಿಗೆ ಸಂಗೀತೋತ್ಸವ ಶುರುಮಾಡಿದವರು ಗದುಗಿನ ನೆಲದಿಂದ ಹೋಗಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿ. ಡಿಸೆಂಬರ್ ಚಳಿಯಲ್ಲಿ ಶಾಲು ಹೊದ್ದು, ಕಾಫಿಯ ಥರ್ಮಾಸು ಹಿಡಿದು, ದೊಡ್ಡ ಪೆಂಡಾಲಿನಡಿ ಸಾವಿರಾರು ಜನ ಗಂಟೆಗಟ್ಟಲೆ ಕೂರುತ್ತಾರೆ. ತಬಲಾದವರು ತಿಹಾಯಿಯನ್ನು ಕೂದಲೆಳೆಯಷ್ಟು ತಡಮಾಡಿ ಸಮ್‌ಗೆ ತಂದಿಳಿಸಿದರೆ ಆ ಜನಸಾಗರದಿಂದ ಒಟ್ಟಿಗೇ ಉದ್ಗಾರ ಹೊರಡುತ್ತದೆ. ಮಾತಿಲ್ಲದ ಲಯಕ್ಕೆ ಸಿಗುವ ಮೆಚ್ಚುಗೆ ಅದು. ಅದನ್ನು ಯಾರೂ ಅರ್ಥ ಹೇಳಿ ವಿವರಿಸಬೇಕಾಗಿಲ್ಲ.

ಅದೇ ಊರಿನ ಕೋರೆಗಾಂವ್ ಪಾರ್ಕಿನಲ್ಲಿ 2010ರ ಡಿಸೆಂಬರಿನಲ್ಲಿ ಎನ್ಎಚ್7 ವೀಕೆಂಡರ್ ಎಂಬ ಸಂಗೀತೋತ್ಸವ ಹುಟ್ಟಿತು. ಸಿನಿಮಾದ ಆಸರೆಯಿಲ್ಲದ ತಂಡಗಳು, ರಾಕ್, ಎಲೆಕ್ಟ್ರಾನಿಕ್ ಸಂಗೀತ, ರ‍್ಯಾಪ್ ಎಲ್ಲಕ್ಕೂ ಅದು ವೇದಿಕೆಯಾಯಿತು. ಒಂದು ಊರು, ಒಂದೇ ಚಳಿಗಾಲ, ಎರಡು ಉತ್ಸವ. ಎರಡೂ ಕಡೆ ಜನ ತಲೆದೂಗುವುದು ಲಯಕ್ಕೇ. ಆದರೂ ಒಂದರ ಬಗ್ಗೆ ಪತ್ರಿಕೆ ಬರೆಯುವಾಗ ರಾಗ, ತಾಳ, ಬಢತ್, ಲಯಕಾರಿಯ ಮಾತು ಬರುತ್ತದೆ; ಇನ್ನೊಂದರ ಬಗ್ಗೆ ಬರೆಯುವಾಗ ಬೆಳಕು, ಜನಸಂದಣಿ, ತಾರೆಯರ ಹೆಸರು. ಪುಣೆಯಲ್ಲೇ ತಬಲಾ ಪಾಠ ಹೇಳಿಸಿಕೊಂಡು ಡ್ರಮ್ಸ್‌ಗೆ ಹೋದ ಕೊರ್ವಾರ್ ಈ ಎರಡೂ ಪೆಂಡಾಲುಗಳಿಗೆ ಸಲ್ಲುವವರು. ಅವರನ್ನು ತೂಗಲು ಎರಡೂ ಕಡೆಯ ತಕ್ಕಡಿ ಬೇಕು.

ಅವರ ಹಿಂದಿನ ಕೃತಿಗಳನ್ನು ನೋಡಿದರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. 2016ರಲ್ಲಿ ನಿಂಜಾ ಟ್ಯೂನ್ ಕಂಪನಿಯಿಂದ ಬಂದ ಮೊದಲ ಆಲ್ಬಂ ‘ಡೇ ಟು ಡೇ’. ಗುಜರಾತಿನ ರತನ್‌ಪುರದ ಸಿದಿ ಸಮುದಾಯದ ಹಾಡು ಮತ್ತು ಚರ್ಮವಾದ್ಯಗಳನ್ನು ಅಲ್ಲಿಗೇ ಹೋಗಿ ಧ್ವನಿಮುದ್ರಿಸಿಕೊಂಡು, ಅವುಗಳ ಸುತ್ತ ಜಾಝ್ ಮತ್ತು ಎಲೆಕ್ಟ್ರಾನಿಕ್ ಸಂಗೀತ ಕಟ್ಟಿದ ಕೃತಿ ಅದು. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ಲಯ, ಆಫ್ರಿಕಾದ ಬೇರಿನಿಂದಲೇ ಅಮೆರಿಕದಲ್ಲಿ ಬೆಳೆದ ಜಾಝ್ ಜೊತೆ ಗುಜರಾತಿನ ಹಳ್ಳಿಯ ನೆಪದಲ್ಲಿ ಮತ್ತೆ ಸೇರುತ್ತದೆ. ಲಂಡನ್ನಿನ ವಿಮರ್ಶಕರಿಗೆ ಸಿದಿಗಳು ಹೊಸ ಸಂಗತಿ. ಕನ್ನಡಿಗರಿಗೆ ಹಾಗಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನ ಸಿದ್ದಿಗಳ ಡಮಾಮಿ ಕುಣಿತ ಕಂಡವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ ಹೋರಾಟವೂ ಗೊತ್ತಿದೆ. ರತನ್‌ಪುರದ ಸಿದಿಗಳ ಧಮಾಲ್ ಕುಣಿತ ಮತ್ತು ಯಲ್ಲಾಪುರದ ಡಮಾಮಿಯ ನಡಿಗೆ ಎಲ್ಲಿ ಕೂಡುತ್ತದೆ, ಎಲ್ಲಿ ಬೇರೆಯಾಗುತ್ತದೆ, ಕೊರ್ವಾರ್ ಅದರೊಳಗೆ ಎಷ್ಟು ಇಳಿದಿದ್ದಾರೆ, ಎಷ್ಟನ್ನು ಬರೀ ಬಣ್ಣಕ್ಕೆ ಬಳಸಿದ್ದಾರೆ ಎಂದು ಕೇಳಬಲ್ಲ ವಿಮರ್ಶಕ ಹುಟ್ಟಬೇಕಾದದ್ದು ಲಂಡನ್ನಿನಲ್ಲಲ್ಲ, ಶಿರಸಿಯಲ್ಲಿ.

2018ರ ‘ಮೈ ಈಸ್ಟ್ ಈಸ್ ಯುವರ್ ವೆಸ್ಟ್’ ಲಂಡನ್ನಿನ ‘ಚರ್ಚ್ ಆಫ್ ಸೌಂಡ್’ ಕಛೇರಿಯಲ್ಲಿ ನೇರವಾಗಿ ಧ್ವನಿಮುದ್ರಿಸಿದ್ದು. ತಂಡದ ಹೆಸರು ಉಪಜ್ ಕಲೆಕ್ಟಿವ್. ಮನೋಧರ್ಮಕ್ಕೆ ಹಿಂದೂಸ್ತಾನಿಯಲ್ಲಿರುವ ಹೆಸರೇ ಉಪಜ್. ಆಲಿಸ್ ಕೋಲ್ಟ್ರೇನ್, ಫರೋ ಸ್ಯಾಂಡರ್ಸ್ ಅವರಂಥವರು ಭಾರತದತ್ತ ಕೈಚಾಚಿ ಕಟ್ಟಿದ ಜಾಝ್ ರಚನೆಗಳನ್ನು, ಗೋವಾ ಮೂಲದ ಗಿಟಾರ್ ವಾದಕ ಅಮಾನ್ಸಿಯೊ ಡಿಸಿಲ್ವಾ ಅವರ ಮುಂಬೈ ಬೀದಿಯ ರಚನೆಯನ್ನು ಇಲ್ಲಿ ಮತ್ತೆ ನುಡಿಸಲಾಗಿದೆ. ಭಾರತ ಎಂದರೆ ಧೂಪ, ಧ್ಯಾನ, ತಂಬೂರಿಯ ಗುಂಯ್‌ಗುಡುವಿಕೆ ಎಂದು ನಂಬಿದ್ದ ಪಶ್ಚಿಮದ ಕಿವಿಗೆ ಇದು ಸಂಗೀತದಿಂದಲೇ ಕೊಟ್ಟ ಉತ್ತರ. ಹೆಸರಿನಿಂದ ಹಿಡಿದು ರಚನೆಗಳ ಆಯ್ಕೆಯವರೆಗೆ ಇದೂ ಒಂದು ವಿಮರ್ಶೆಯೇ.

ಇನ್ನು ‘ಮೋರ್ ಅರೈವಿಂಗ್’ ಕಡೆಗೆ. ಅದರ ರಾಜಕೀಯ ಇರುವುದು ಮಾತಿನಲ್ಲಿ ಮಾತ್ರವಲ್ಲ, ಕೂರಿಸಿದ ಕ್ರಮದಲ್ಲಿ. ಸಾಮಾನ್ಯ ರ‍್ಯಾಪ್ ಹಾಡಿನಲ್ಲಿ ಬೀಟು ಚಿಕ್ಕ ಸುತ್ತಾಗಿ ತಿರುಗುತ್ತಿರುತ್ತದೆ. ಹಾಡುಗಾರ ಅದರ ಮೇಲೆ ಸವಾರಿ ಮಾಡುತ್ತಾನೆ. ಇಲ್ಲಿ ಬದುಕಿರುವ ವಾದ್ಯಗಾರರು ಬೀಟಿನ ಜಾಗದಲ್ಲಿದ್ದಾರೆ. ಟೇಮರ್ ಆಸ್ಬಾರ್ನ್ ಅವರ ಬ್ಯಾರಿಟೋನ್ ಸ್ಯಾಕ್ಸೊಫೋನ್ ತಗ್ಗಿನ ಸ್ವರದಲ್ಲಿ ಗುಡುಗುವಾಗ ಮಾತು ಅದಕ್ಕೆ ಜಾಗ ಬಿಡಬೇಕಾಗುತ್ತದೆ. ಮೊದಲ ರಚನೆ ‘ಮುಂಬೇ’ಯಲ್ಲಿ ಸ್ವದೇಶಿ ತಂಡದ ಎಂ.ಸಿ. ಮವಾಲಿ ನಗರದ ಎರಡು ಮುಖ ಹೇಳುವಾಗ ಡ್ರಮ್ಸ್ ಅವರನ್ನು ಹೊತ್ತು ನಡೆಯುವುದಿಲ್ಲ, ಎದುರಿಗೆ ನಿಂತು ಮಾತಿಗೆ ಮಾತು ಕೊಡುತ್ತದೆ. ಜುಗಲ್‌ಬಂದಿ ಎಂಬ ಪದವನ್ನು ಸವೆಯುವವರೆಗೆ ಬಳಸುತ್ತೇವೆ. ಇಲ್ಲಿ ಅದು ನಿಜಕ್ಕೂ ಸಲ್ಲುತ್ತದೆ. ‘ಬೋಲ್’ನಲ್ಲಿ ಆದಿತ್ಯ ಪ್ರಕಾಶ್ ಅವರ ಕರ್ನಾಟಕ ಸಂಗೀತದ ಗಾಯನ ಇಂಗ್ಲಿಷ್ ಕವಿತೆಯ ಪಕ್ಕಕ್ಕೆ ಬಂದು ನಿಂತಾಗ ಕವಿತೆ ಚುಚ್ಚಿದ ಜಾಗಕ್ಕೆ ಸ್ವರ ಬಂದು ತಾಗುತ್ತದೆ. ಬಂದವರು ಇನ್ನು ಹೊರಗಿನವರಲ್ಲ, ಸಮಪಾಲಿನವರು ಎಂಬ ಆಲ್ಬಮ್ಮಿನ ಮೂಲ ಮಾತನ್ನು ವಾದ್ಯಗಳೇ ಆಡಿಬಿಡುತ್ತವೆ. ಇದನ್ನು ಕೇಳಿಸಿಕೊಳ್ಳದೆ ಸಾಹಿತ್ಯದ ಅರ್ಥವನ್ನಷ್ಟೇ ಬರೆದರೆ ಅರ್ಧ ರಾಜಕೀಯವೂ ಕೈತಪ್ಪುತ್ತದೆ.

ಹಾಗೆಂದು ಆಲ್ಬಂ ದೋಷವಿಲ್ಲದ್ದಲ್ಲ. ಕೆಲವೆಡೆ ಮಾತಿನ ದಟ್ಟಣೆಗೆ ವಾದ್ಯಗಾರರು ಹಿಂದೆ ಸರಿದು ಬರೀ ಹಾಸುಗಂಬಳಿಯಾಗುತ್ತಾರೆ. ಅವರ ಮನೋಧರ್ಮ ಅರಳುವ ಮೊದಲೇ ರಚನೆ ಮುಗಿದುಹೋಗುತ್ತದೆ. ಇನ್ನೊಂದು ಕೊರತೆ ನಮಗೆ ಹತ್ತಿರದ್ದು. ಡೆಲ್ಲಿ ಸುಲ್ತಾನೇಟ್, ಪ್ರಭ್ ದೀಪ್, ಮವಾಲಿ, ಟ್ರ್ಯಾಪ್ ಪೊಜು: ರ‍್ಯಾಪ್ ಮಾಡಿದವರೆಲ್ಲ ದೆಹಲಿ ಅಥವಾ ಮುಂಬೈಯವರು. ಕೊರ್ವಾರ್ ಅವರ ಕೈ ಪಳಗಿದ ಪುಣೆಯ ದನಿ ಇಲ್ಲ, ಅವರು ಬೆಳೆದ ಚೆನ್ನೈಯ ದನಿ ಇಲ್ಲ, ಬೆಂಗಳೂರಿನ ದನಿಯೂ ಇಲ್ಲ. ಭಾರತದ ಹಿಪ್‌ಹಾಪ್ ಎಂದರೆ ಎರಡು ಮಹಾನಗರ ಎಂಬ ನಂಬಿಕೆಯನ್ನು ಆಲ್ಬಂ ಮುರಿಯಬಹುದಿತ್ತು. ಇಂಥ ತಕರಾರು ಎತ್ತಬೇಕಾದವರು ಇಲ್ಲಿನ ಬರಹಗಾರರು. ಹೊರಗಿನವರಿಗೆ ಇದು ಕಾಣುವುದು ಕಷ್ಟ.

ಕಾಣದೆ ಹೋದರೆ ಏನಾಗುತ್ತದೆ ಎನ್ನಲು ಒಂದು ಹಳೆಯ ಉದಾಹರಣೆಯಿದೆ. 2002ರಲ್ಲಿ ಅಮೆರಿಕದ ಎರಿಕ್ ಸರ್ಮನ್ ‘ರಿಯಾಕ್ಟ್’ ಎಂಬ ಹಾಡಿನಲ್ಲಿ 1963ರ ‘ತಾಜ್ ಮಹಲ್’ ಹಿಂದಿ ಚಿತ್ರದ ಹಾಡಿನ ತುಣುಕೊಂದನ್ನು ಬಳಸಿದ. ಆ ತುಣುಕು ಆತ್ಮಹತ್ಯೆಯ ಮಾತಾಡುತ್ತಿತ್ತು. ಅವನೋ ಅದಕ್ಕೆ, ಅವಳು ಏನೇ ಹೇಳಿರಲಿ ನಾನು ಅದೇ ಎಂಬಂತೆ ಉತ್ತರಿಸಿದ. ಬೀಟು ಸೊಗಸಾಗಿತ್ತು, ಹಾಡು ಗೆದ್ದಿತು, ಅರ್ಥ ಕಳೆದುಹೋಯಿತು. ಅಲ್ಲಿ ಅವರಿಗೆ ನಮ್ಮ ಮಾತು ಕೇಳಿಸಲಿಲ್ಲ. ಇಲ್ಲಿ ನಮಗೆ ಬೀಟು ಕೇಳಿಸುತ್ತಿಲ್ಲ.

ಪತ್ರಿಕೆಯಲ್ಲಿ ಇದಕ್ಕೆಲ್ಲ ಜಾಗ ಎಲ್ಲಿದೆ, ಓದುವವರು ಯಾರು ಎಂಬ ಪ್ರಶ್ನೆ ಬರಬಹುದು. ಕನ್ನಡ ಪತ್ರಿಕೆಗಳು ದಶಕಗಳಿಂದ ಸಂಗೀತ ಕಛೇರಿಗಳ ವಿಮರ್ಶೆ ಪ್ರಕಟಿಸಿವೆ. ಆಲಾಪ, ತಾನ, ನೆರವಲ್, ಕೊರಪು ಎಂಬ ಪದಗಳನ್ನು ಯಾರೂ ಪಾಠಶಾಲೆಯಲ್ಲಿ ಕಲಿಯಲಿಲ್ಲ. ಆ ಬರಹಗಳನ್ನು ಓದುತ್ತ ಓದುತ್ತ ರೂಢಿಸಿಕೊಂಡರು. ಬೀಟು, ಲೂಪು, ಸ್ಯಾಂಪಲ್ಲು ಎಂಬ ಪದಗಳೂ ಹಾಗೆಯೇ ಬರುತ್ತವೆ, ಬರೆಯುವವರಿದ್ದರೆ.

ಬರೆಯದೆ ಕಳೆದುಕೊಂಡದ್ದೂ ಇದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ಕಟ್ಟಿದ ಟಿ.ಎ.ಎಸ್. ಮಣಿ ಮತ್ತು ಗಾಯಕಿ ಆರ್.ಎ. ರಮಾಮಣಿ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮಾರಿಯಾನೊ ಜೊತೆಗೂಡಿ ನುಡಿಸಿದ ‘ಜ್ಯೋತಿ’ ಆಲ್ಬಂ 1983ರಲ್ಲಿ ಜರ್ಮನಿಯ ಇಸಿಎಂ ಕಂಪನಿಯಿಂದ ಬಂತು. ಯುರೋಪಿನ ಜಾಝ್ ಪ್ರಿಯರು ಅದನ್ನು ಇಂದಿಗೂ ಹುಡುಕಿ ಕೇಳುತ್ತಾರೆ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥ್ 1980ರ ಮುಂಬೈ ಜಾಝ್ ಯಾತ್ರೆ ಉತ್ಸವದಲ್ಲಿ ಜಾಝ್ ವಾದಕ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 2008ರಲ್ಲಿ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ ಜೊತೆ ಅವರು ಕೊಟ್ಟ ‘ಕಿನ್ಸ್‌ಮೆನ್’ ಅಮೆರಿಕದ ಜಾಝ್ ವಿಮರ್ಶಕರ ದೊಡ್ಡ ಮೆಚ್ಚುಗೆ ಗಳಿಸಿತು. ಕದ್ರಿಯವರ ಹೆಸರು ಗೊತ್ತಿಲ್ಲದ ಕನ್ನಡಿಗರಿಲ್ಲ. ‘ಕಿನ್ಸ್‌ಮೆನ್’ ಕೇಳಿದವರು, ಅದರಲ್ಲಿ ಎರಡು ಸ್ಯಾಕ್ಸೊಫೋನುಗಳು ಗಮಕವನ್ನು ಹೇಗೆ ಹಂಚಿಕೊಂಡಿವೆ ಎಂದು ಕನ್ನಡದಲ್ಲಿ ಓದಿದವರು ಎಷ್ಟು ಜನ? 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಂಡಾಗ ಶ್ರದ್ಧಾಂಜಲಿ ಬರೆದೆವು. ಆ ಆಲ್ಬಮ್ಮಿನ ವಿಮರ್ಶೆ ಬರೆಯಲು ನಮಗೆ ಹನ್ನೊಂದು ವರ್ಷ ಸಮಯವಿತ್ತು.

ಕೊರ್ವಾರ್ ಇನ್ನೂ ನುಡಿಸುತ್ತಿದ್ದಾರೆ. 2022ರಲ್ಲಿ ‘ಕಲಕ್’ ಬಂತು. ಪುಣೆ, ಬೆಂಗಳೂರು, ಹುಬ್ಬಳ್ಳಿಯ ಹಾಸ್ಟೆಲ್ ಕೋಣೆಗಳಲ್ಲಿ ಲ್ಯಾಪ್‌ಟಾಪು ಇಟ್ಟುಕೊಂಡು ಬೀಟು ಕಟ್ಟುತ್ತಿರುವ ಹುಡುಗ ಹುಡುಗಿಯರೂ ಇದ್ದಾರೆ. ಅವರ ಕೆಲಸ ಚೆನ್ನಾಗಿದ್ದರೆ ಏಕೆ, ಕೆಟ್ಟಿದ್ದರೆ ಎಲ್ಲಿ ಎಂದು ಅವರದೇ ಭಾಷೆಯಲ್ಲಿ ಹೇಳುವವರು ಬೇಕು. ಸಂಪಾದಕರು ವಾರದ ಪುರವಣಿಯಲ್ಲಿ ತಿಂಗಳಿಗೊಂದು ಅಂಕಣವನ್ನಾದರೂ ಇದಕ್ಕೆ ಮೀಸಲಿಡಲಿ. ಅದನ್ನು ಬರೆಯಲು ತಬಲಾ, ಮೃದಂಗ ಬಲ್ಲವರನ್ನೂ ಕರೆಯಲಿ.

ಓದುಗರಲ್ಲಿ ಒಂದು ಬೇಡಿಕೆ. ಇವತ್ತು ರಾತ್ರಿ ‘ಮೋರ್ ಅರೈವಿಂಗ್’ ಹಾಕಿಕೊಂಡು ಮೊದಲ ಸಲ ಮಾತಿನ ಗೊಡವೆಗೆ ಹೋಗದೆ ತೊಡೆಯ ಮೇಲೆ ತಾಳ ಹಾಕುತ್ತ ಕೇಳಿ. ಎರಡನೇ ಸಲ ಮಾತು ಕೇಳಿ. ಎಲ್ಲಿ ತಾಳ ತಪ್ಪಿತು, ಎಲ್ಲಿ ಮತ್ತೆ ಸಿಕ್ಕಿತು ಎಂದು ನಾಲ್ಕು ಸಾಲು ಬರೆದು ನಿಮ್ಮ ಪತ್ರಿಕೆಗೆ ಕಳಿಸಿ.